ರಾಕ್ ಕ್ರೀಕ್: ಹಳ್ಳದ ದಡದಲ್ಲೊಂದು ತಂಗುದಾಣ

ಅಮೆರಿಕದ ನೆಬ್ರಾಸ್ಕ ಪ್ರಾಂತದ ಆಗ್ನೇಯ ಭಾಗದಲ್ಲಿ, ಈಗಿನ ಫೇರ್‌ಬರಿ ಪಟ್ಟಣಕ್ಕೆ ಅನತಿದೂರದಲ್ಲಿ, ಕಡಿದಾದ ದಂಡೆಗಳ ನಡುವೆ ಹರಿಯುವ ರಾಕ್ ಕ್ರೀಕ್ ಎಂಬ ಹಳ್ಳವು ಆರೆಗಾನ್ ಮತ್ತು ಕ್ಯಾಲಿಫೋರ್ನಿಯಗಳತ್ತ ಹೊರಟ ವಲಸೆಗಾರರ ದಾರಿಗೆ ಅಡ್ಡಲಾಗಿತ್ತು. ಒಂದೊಂದು ಬಂಡಿಯನ್ನೂ ದಂಡೆಯಿಂದ ತೂಗಿ ಕೆಳಗಿಳಿಸಿ, ಆಚೆಯ ದಡಕ್ಕೆ ಮತ್ತೆ ಎಳೆದೇರಿಸಬೇಕಾಗಿದ್ದುದರಿಂದ ಪ್ರಯಾಣಿಕರ ಸಾಲು ಅಲ್ಲಿ ನಿಲ್ಲದೆ ಗತಿಯಿರಲಿಲ್ಲ. ಆ ನಿಲುಗಡೆಯೇ ವಸತಿಗೆ ಬೀಜವಾಯಿತು.

1857ರಲ್ಲಿ ಗ್ಲೆನ್ ಎಂಬಾತನು ಪಶ್ಚಿಮದ ದಡದಲ್ಲಿ ಮರದ ಮನೆಯನ್ನೂ ಕೊಟ್ಟಿಗೆಯನ್ನೂ ಕಟ್ಟಿ, ಹುಲ್ಲು, ಧಾನ್ಯ, ದಿನಸಿಗಳ ಸಣ್ಣ ಅಂಗಡಿಯನ್ನಿಟ್ಟನು. ಎರಡು ವರ್ಷಗಳ ತರುವಾಯ ಅದನ್ನು ಕೊಂಡ ಡೇವಿಡ್ ಮೆಕ್‌ಕ್ಯಾನ್‌ಲೆಸ್, ಚಿನ್ನವನ್ನರಸಿ ಕೊಲೊರಾಡೊ ಕಡೆಗೆ ಹೊರಟಿದ್ದವನು, ಹಳ್ಳಕ್ಕೆ ಸೇತುವೆ ಕಟ್ಟಿ, ಹೊರೆಯನ್ನೂ ದಾರಿಹೋಕನ ಶಕ್ತಿಯನ್ನೂ ನೋಡಿ 10ರಿಂದ 50 ಸೆಂಟ್‌ಗಳ ಸುಂಕವನ್ನೆತ್ತತೊಡಗಿದನು. ಪೂರ್ವದ ದಡದಲ್ಲಿ ಬಾವಿ ತೋಡಿಸಿ ಇನ್ನೊಂದು ಮನೆಯನ್ನೂ ಎಬ್ಬಿಸಿದನು. ರಸೆಲ್, ಮೇಜರ್ಸ್ ಮತ್ತು ವ್ಯಾಡೆಲ್ ಕಂಪನಿಯು ಆ ಮನೆಯನ್ನು ಬಾಡಿಗೆಗೆ ಹಿಡಿದು ತನ್ನ ಸ್ಟೇಜ್‌ಕೋಚ್‌ಗಳಿಗೂ, 1860ರ ಏಪ್ರಿಲ್‌ನಲ್ಲಿ ಆರಂಭವಾದ ಪೋನಿ ಎಕ್ಸ್‌ಪ್ರೆಸ್ ಟಪಾಲಿಗೂ ಕುದುರೆ ಬದಲಾಯಿಸುವ ಠಾಣ್ಯವನ್ನಾಗಿ ಮಾಡಿಕೊಂಡಿತು. ಬಳಲಿದ ಕುದುರೆಗೆ ಮೇವು, ನೀರು, ನೆರಳು. ಧೂಳು ತುಂಬಿದ ಪ್ರಯಾಣಿಕನಿಗೆ ಒಂದು ಕ್ಷಣದ ವಿಶ್ರಾಂತಿ: ಊರಿನ ಬಾಳೆಲ್ಲವೂ ಇಷ್ಟರಲ್ಲಿಯೇ ಅಡಗಿತ್ತು.

1861ರ ಜುಲೈ 12ರಂದು, ಕಂಪನಿಯಿಂದ ಬರಬೇಕಾದ ಹಣವನ್ನು ಕೇಳಲು ಬಂದ ಮೆಕ್‌ಕ್ಯಾನ್‌ಲೆಸ್‌ನೂ ಅವನ ಸಂಗಡಿಗರಿಬ್ಬರೂ ಅಲ್ಲಿ ಹತರಾದರು. ಜೊತೆಗಿದ್ದ ಅವನ ಎಳೆಯ ಮಗ ಮಾತ್ರ ತಪ್ಪಿಸಿಕೊಂಡನು. ಆಗ ಠಾಣ್ಯದ ಆಳಾಗಿದ್ದು ಆ ಘರ್ಷಣೆಯಲ್ಲಿ ಭಾಗಿಯಾಗಿದ್ದ, ಮುಂದೆ ‘ವೈಲ್ಡ್ ಬಿಲ್’ ಎಂದು ಹೆಸರಾದ ಹಿಕಾಕ್‌ನ ಹೆಸರನ್ನು 1867ರ ಒಂದು ಪತ್ರಿಕಾಲೇಖನವು ಈ ಪ್ರಸಂಗವನ್ನು ಹಿಗ್ಗಿಸಿ ದೇಶದಲ್ಲೆಲ್ಲ ಹರಡಿತು. ಬಾವಿ ತೋಡಿದವರನ್ನೂ ಸೇತುವೆಗೆ ಮರ ಹೊತ್ತವರನ್ನೂ ಮರೆತು, ಒಂದು ಅಪರಾಹ್ಣದ ರಕ್ತಪಾತದಿಂದಲೇ ಈ ಸ್ಥಳವನ್ನು ಲೋಕವು ಗುರುತಿಸುತ್ತದೆಂಬುದು ನನಗೆ ನೋವಿನ ಸಂಗತಿ.

1861ರ ಅಕ್ಟೋಬರ್‌ನಲ್ಲಿ ತಂತಿ ಖಂಡವನ್ನು ದಾಟಿದೊಡನೆ ಪೋನಿ ಎಕ್ಸ್‌ಪ್ರೆಸ್ ನಿಂತಿತು. ಕೋಚುಗಳು ಇನ್ನೂ ಕೆಲಕಾಲ ಓಡಿದವು. ಆದರೆ ರೈಲುಹಾದಿಯು ಉತ್ತರಕ್ಕೆ ಪ್ಲ್ಯಾಟ್ ನದಿಯ ಬಯಲನ್ನು ಹಿಡಿದು ಸಾಗಿ, 1869ರ ಮೇ 10ರಂದು ಎರಡು ಕಡೆಯ ಕಂಬಿಗಳು ಯೂಟಾದಲ್ಲಿ ಕೂಡಿಕೊಂಡ ಮೇಲೆ, ಹಳ್ಳವನ್ನು ದಾಟಬೇಕಾದ ಅಗತ್ಯವೇ ದೂರದ ಪಯಣಿಗರಿಗೆ ಉಳಿಯಲಿಲ್ಲ.

ಇಂದು ಅಲ್ಲಿ ಕಾಣುವ ಮನೆಗಳು ಪುನರ್ನಿರ್ಮಿತವಾದವು. ಮೂಲದ್ದಾಗಿ ಉಳಿದಿರುವುದು ಇಳಿಜಾರಿನಲ್ಲಿ ಬಂಡಿಯ ಗಾಲಿಗಳು ಕೊರೆದ ಆಳವಾದ ಜಾಡುಗಳು. ಹುಲ್ಲು ಮುಸುಕಿದ್ದರೂ ಅವು ಹಳ್ಳದ ಕಡೆಗೇ ಇಳಿಯುತ್ತವೆ.