ಟ್ಯೂರಿನ್ನಿಗೆ ಹೋಗದ ಗಿಗಿ ರೀವಾ

ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಇಟಲಿಯ ಏಕೀಕರಣದ ಪಾಠ ನೆನಪಿರಬಹುದು. ಮ್ಯಾಜಿನಿ, ಕವೂರ್, ಗ್ಯಾರಿಬಾಲ್ಡಿ ಎಂದು ಬಾಯಿಪಾಠ ಮಾಡಿದ್ದಿರಿ. ಆ ಏಕೀಕರಣದ ಮುಂದಾಳುತನ ವಹಿಸಿದ ರಾಜ್ಯದ ಹೆಸರು ಸಾರ್ಡಿನಿಯಾ. ಆದರೆ ಆಳ್ವಿಕೆ ನಡೆಯುತ್ತಿದ್ದುದು ಆ ಹೆಸರಿನ ದ್ವೀಪದಿಂದಲ್ಲ, ಉತ್ತರದ ಟ್ಯೂರಿನ್ ನಗರದಿಂದ. 1861ರಲ್ಲಿ ದೇಶ ಒಂದಾದ ಮೇಲೂ ದ್ವೀಪದ ಬಡತನ ನೀಗಲಿಲ್ಲ. ಅಲ್ಲಿನ ತರುಣರು ಹೊಟ್ಟೆಪಾಡಿಗೆ ಕಡಲು ದಾಟಿ ಉತ್ತರದ ಕಾರ್ಖಾನೆಗಳನ್ನು ಸೇರುತ್ತಿದ್ದರು. ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ನಡೆದವನು ಫುಟ್‌ಬಾಲ್ ಆಟಗಾರ ಗಿಗಿ ರೀವಾ.

ರೀವಾ ಹುಟ್ಟಿದ್ದು 1944ರಲ್ಲಿ, ಉತ್ತರದ ಮಜ್ಜೋರೆ ಸರೋವರದ ದಡದ ಲೆಜ್ಜೂನೋ ಎಂಬ ಊರಿನಲ್ಲಿ. ತಂದೆ ಕಾರ್ಖಾನೆಯ ಅಪಘಾತದಲ್ಲಿ ತೀರಿಕೊಂಡಾಗ ಹುಡುಗ ಇನ್ನೂ ಚಿಕ್ಕವನು. ಮುಂದೆ ವಸತಿಶಾಲೆಯ ವಾಸ. ತಾಯಿಯೂ ಬಹಳ ಕಾಲ ಉಳಿಯಲಿಲ್ಲ. 1963ರಲ್ಲಿ ಸಾರ್ಡಿನಿಯಾದ ಕಾಲ್ಯರಿ ತಂಡ ಕರೆದಾಗ ಆತನಿಗೆ ಹೋಗಲು ಮನಸ್ಸಿರಲಿಲ್ಲ. ನೀರಿಲ್ಲದ ಊರಿಗೆ ಎತ್ತಿಹಾಕುವುದು ಎನ್ನುತ್ತೇವಲ್ಲ, ಉತ್ತರದವರ ಕಣ್ಣಿಗೆ ಸಾರ್ಡಿನಿಯಾ ಅಂಥದ್ದೇ ಸ್ಥಳ.

ಮರುವರ್ಷವೇ ತಂಡ ಮೊದಲ ದರ್ಜೆಗೇರಿತು. ರೀವಾನ ಎಡಗಾಲಿನ ಹೊಡೆತ ಎಷ್ಟು ಬಿರುಸಿನದೆಂದರೆ, ಪತ್ರಕರ್ತ ಜಾನಿ ಬ್ರೇರಾ ಆತನಿಗೆ ‘ಗುಡುಗಿನ ಮೊಳಗು’ ಎಂಬರ್ಥದ ಹೆಸರಿಟ್ಟ. ಹೊರ ಊರುಗಳಲ್ಲಿ ಮಾತ್ರ ಪ್ರೇಕ್ಷಕರು ಇಡೀ ತಂಡವನ್ನು ಕುರಿಗಾಹಿಗಳು, ಡಕಾಯಿತರು ಎಂದು ಮೂದಲಿಸುತ್ತಿದ್ದರು. ರೀವಾ ಉತ್ತರದವನೇ ಆದರೂ ಆ ಮೂದಲಿಕೆ ತನಗೂ ತಾಗಿತೆಂದು ಭಾವಿಸಿದ. 1969-70ರ ಋತುವಿನಲ್ಲಿ ಆತ 21 ಗೋಲು ಹೊಡೆದ. ತಂಡ 30 ಪಂದ್ಯಗಳಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟ ಗೋಲು ಬರಿಯ 11. 1970ರ ಏಪ್ರಿಲ್ 12ರಂದು ಬಾರಿಯನ್ನು 2-0ಯಿಂದ ಸೋಲಿಸಿ ಕಾಲ್ಯರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ದಕ್ಷಿಣದ ಅಥವಾ ದ್ವೀಪದ ತಂಡವೊಂದಕ್ಕೆ ಆ ಪಟ್ಟ ದೊರೆತದ್ದು ಅದೇ ಮೊದಲು. ನೇಪಲ್ಸ್‌ನಂಥ ಮಹಾನಗರವೂ 1987ರವರೆಗೆ ಕಾಯಬೇಕಾಯಿತು!

ಇನ್ನು ಯುವೆಂಟಸ್ ಸುಮ್ಮನಿದ್ದೀತೆ? ಅಪಾರ ಹಣದ ಆಮಿಷ ಒಡ್ಡಿ ಕರೆಯಿತು. ಯುವೆಂಟಸ್ ಯಾವ ಊರಿನ ತಂಡ ಬಲ್ಲಿರಾ? ಅದೇ ಟ್ಯೂರಿನ್. ದ್ವೀಪದ ಹೆಸರನ್ನು ಕಿರೀಟಕ್ಕೆ ಸಿಕ್ಕಿಸಿಕೊಂಡು ದ್ವೀಪವನ್ನು ಮರೆತ ರಾಜಧಾನಿ. ರೀವಾ ಒಪ್ಪಲಿಲ್ಲ. ಬಾಲ್ಯದಲ್ಲಿ ಕಳೆದುಕೊಂಡ ಕುಟುಂಬ ತನಗೆ ಈ ಬಡಜನರ ನಡುವೆ ದೊರೆತಿದೆ ಎಂಬುದು ಆತನ ಭಾವನೆ. ಇದನ್ನು ತ್ಯಾಗವೆಂದು ಹೊಗಳುವವರಿದ್ದಾರೆ, ನನಗೆ ಹಾಗೆನಿಸುವುದಿಲ್ಲ. ಮನೆ ಬಿಟ್ಟು ಹೋಗಲು ಆತನಿಗೆ ಕಾರಣವಿರಲಿಲ್ಲ, ಅಷ್ಟೇ.

ದೇಶಕ್ಕಾಗಿ ಆಡುವಾಗ 1967 ಮತ್ತು 1970ರಲ್ಲಿ ಎರಡು ಬಾರಿ ಕಾಲು ಮುರಿಯಿತು. ಆದರೂ 42 ಪಂದ್ಯಗಳಲ್ಲಿ 35 ಗೋಲು; ಇಟಲಿಯ ಪುರುಷರ ತಂಡದಲ್ಲಿ ಆ ದಾಖಲೆ ಇಂದಿಗೂ ಮುರಿದಿಲ್ಲ. 1976ರಲ್ಲಿ ತೊಡೆಯ ಗಾಯ ಆಟವನ್ನೇ ಮುಗಿಸಿತು. ಅನಂತರವೂ ರೀವಾ ಊರು ಬಿಡಲಿಲ್ಲ. 2024ರ ಜನವರಿ 22ರಂದು ಕಾಲ್ಯರಿಯಲ್ಲಿಯೇ ತೀರಿಕೊಂಡಾಗ, ಅಂತ್ಯಸಂಸ್ಕಾರದ ದಿನ ಬೊನಾರಿಯಾ ಚರ್ಚಿನ ಮುಂದೆ ಸಾವಿರಾರು ಜನ ನೆರೆದರು. ಆತ ತೊಡುತ್ತಿದ್ದ 11ನೆಯ ಸಂಖ್ಯೆಯ ಅಂಗಿಯನ್ನು ಕಾಲ್ಯರಿ ತಂಡ 2005ರಿಂದ ಯಾರಿಗೂ ಕೊಟ್ಟಿಲ್ಲ.