ಬಾಕಿ ಉಳಿದಿದ್ದ ಒಂದು ಉತ್ತರ

ಉಯ್ಯಂಬಳ್ಳಿಯಲ್ಲಿ ನನ್ನಿಂದ ವಿಜ್ಞಾನ ಕಲಿತವರೆಲ್ಲರ ಮುಂದೆ ಇಂದು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬಹಳ ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬ, “ಮೇಷ್ಟ್ರೇ, ಕಾರ್ಬ್ಯುರೇಟರಿನ ಕತ್ತು ಕಿರಿದಾದ ಕಡೆ ಪೆಟ್ರೋಲು ತಾನಾಗಿ ಮೇಲೇರುವುದು ಏಕೆ?” ಎಂದು ಕೇಳಿದ್ದ. ಪರೀಕ್ಷೆಗೆ ಬಾರದ ಪ್ರಶ್ನೆಯೆಂದು ಗದರಿ ಕೂರಿಸಿದೆ. ಮುಂದೆ ಅವನು ಕನಕಪುರದಲ್ಲಿ ಗ್ಯಾರೇಜು ಸೇರಿದ. ಕಳೆದ ತಿಂಗಳು ಎಂಜಿನಿಯರಿಂಗ್ ಓದುತ್ತಿರುವ ಅವನ ಮಗಳು ನಮ್ಮ ಮನೆಗೆ ಬಂದಿದ್ದಳು. ಅವಳು ರೇಸ್ ಕಾರಿಗೆ ‘ಇನ್‌ಟೇಕ್ ಮ್ಯಾನಿಫೋಲ್ಡ್’, ಅಂದರೆ ಎಂಜಿನ್ನಿಗೆ ಗಾಳಿ ಒಯ್ಯುವ ಕವಲು ಕೊಳವೆಯನ್ನು ವಿನ್ಯಾಸಗೊಳಿಸುತ್ತಿದ್ದಾಳೆ.

ಈ ಕೊಳವೆಗೂ ಒಂದು ಇತಿಹಾಸವಿದೆ. ಕಿರಿದಾದ ಕತ್ತಿನಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಗ್ಗುತ್ತದೆ. ಆಗ ಪೆಟ್ರೋಲು ಮೇಲೇರಿ ಗಾಳಿಯೊಡನೆ ಬೆರೆಯುತ್ತದೆ. ಕಾರ್ಬ್ಯುರೇಟರಿನ ಕಾಲದಲ್ಲಿ ಆ ಹಸಿ ಮಿಶ್ರಣವೇ ಮ್ಯಾನಿಫೋಲ್ಡಿನಲ್ಲಿ ಸಾಗಬೇಕಿತ್ತು. ಕೊಳವೆ ಉದ್ದವಾದರೆ ಪೆಟ್ರೋಲು ಗೋಡೆಗೆ ಅಂಟುತ್ತಿತ್ತು. ಇಂಧನವನ್ನು ವಾಲ್ವಿನ ಹತ್ತಿರವೇ ಚಿಮ್ಮಿಸುವ ಪದ್ಧತಿ ಬಂದಾಗ ಮ್ಯಾನಿಫೋಲ್ಡಿಗೆ ಗಾಳಿಯೊಂದೇ ಹೊರೆಯಾಯಿತು. ಅದರ ಆಕಾರ, ಉದ್ದಗಳನ್ನು ಆರಿಸುವ ಸ್ವಾತಂತ್ರ್ಯ ದೊರೆಯಿತು. ನಮ್ಮಲ್ಲಿ 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಿಂದಲೂ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮರೆಯಾಯಿತು.

ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಫಾರ್ಮುಲಾ ಎಸ್‌ಎಇ ಸ್ಪರ್ಧೆ 1981ರಲ್ಲಿ ಅಮೆರಿಕೆಯಲ್ಲಿ ಆರಂಭವಾಯಿತು. ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ‘ಅಶ್ವ ರೇಸಿಂಗ್’ ತಂಡ 2003ರಲ್ಲಿ ಹುಟ್ಟಿತು. ಪೆಟ್ರೋಲ್ ಕಾರುಗಳಿಗೆ ಅಲ್ಲಿನ ನಿಯಮ ಕಠಿಣ: ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ವ್ಯಾಸದ ಒಂದೇ ಕಂಡಿಯಲ್ಲಿ ನುಸುಳಬೇಕು. ಬೈಕಿನ ಎಂಜಿನ್ನಿನೊಡನೆ ಬಂದ ಮ್ಯಾನಿಫೋಲ್ಡ್ ಇದಕ್ಕೆ ಒಗ್ಗದು. ಮಕ್ಕಳೇ ಹೊಸದನ್ನು ರೂಪಿಸಬೇಕು.

ನಮ್ಮ ಮೇಕೆದಾಟಿನ ಬಂಡೆಗಳ ನಡುವೆ ಕಾವೇರಿ ಇರುಕಿನಲ್ಲಿ ರಭಸಗೊಳ್ಳುವುದನ್ನು ನೀವೆಲ್ಲ ಕಂಡಿದ್ದೀರಿ. ಗಾಳಿಯೂ ಹಾಗೆಯೇ, ಆದರೆ ಅದಕ್ಕೊಂದು ಮಿತಿಯುಂಟು. ಕಂಡಿಯಲ್ಲಿ ಅದರ ವೇಗ ಶಬ್ದದ ವೇಗವನ್ನು ಮುಟ್ಟಿದೊಡನೆ, ಎಂಜಿನ್ ಎಷ್ಟೇ ಸೆಳೆದರೂ ಸೆಕೆಂಡಿಗೆ ಸುಮಾರು 74 ಗ್ರಾಂಗಿಂತ ಹೆಚ್ಚು ಗಾಳಿ ಬಾರದು. ಆದ್ದರಿಂದ ಕಂಡಿಯ ಮುಂದಿನ ದಾರಿ ನಿಧಾನವಾಗಿ ಅಗಲವಾಗಬೇಕು. ಥಟ್ಟನೆ ಹಿಗ್ಗಿದರೆ ಗಾಳಿ ಸುಳಿಗಟ್ಟಿ ಶಕ್ತಿ ನಷ್ಟವಾಗುತ್ತದೆ. ಬಳಿಕ ಗಾಳಿ ತಂಗುವ ಪೆಟ್ಟಿಗೆ, ಅಲ್ಲಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಕೊಳವೆ. ಕೊಳವೆಯೊಳಗೆ ಒತ್ತಡದ ಅಲೆ ಹೋಗಿ ಮರಳುತ್ತದೆ. ವಾಲ್ವು ತೆರೆದಿರುವಾಗ ಅದು ಬಂದು ತಲುಪಿದರೆ ಗಾಳಿ ತುಸು ಹೆಚ್ಚು ಒಳಸೇರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಉದ್ದ ಕೊಳವೆ ಒಳ್ಳೆಯದು, ವೇಗಕ್ಕೆ ಗಿಡ್ಡ ಕೊಳವೆ.

ಇಷ್ಟನ್ನೂ ಆ ಹುಡುಗಿ ನಮ್ಮ ಮನೆಯ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದಳು. ಅಂದು ಅವಳ ತಂದೆ ಕೇಳಿದ ಪ್ರಶ್ನೆಯೇ ಇದರ ಮೊದಲ ಪಾಠ. ಸಂಜೆ ಅವನಿಗೆ ಫೋನು ಮಾಡಿ, “ನಿನಗೊಂದು ಉತ್ತರ ಬಾಕಿಯಿತ್ತಪ್ಪಾ” ಎಂದೆ. ಅವನು ನಕ್ಕು, “ಉತ್ತರ ಗ್ಯಾರೇಜಿನಲ್ಲೇ ಸಿಕ್ಕಿತು ಮೇಷ್ಟ್ರೇ. ಮಗಳು ಏನೇ ಕೇಳಿದರೂ ನಾನು ಗದರಲಿಲ್ಲ, ಅಷ್ಟೇ” ಎಂದ. ನಾನು ಕಲಿಸಬೇಕಿದ್ದ ಪಾಠವನ್ನು ಅವನಿಂದ ನಾನೇ ಕಲಿತೆ.