ಅಂಧರ ಶ್ರವಣಶಕ್ತಿ

ಕಣ್ಣನ್ನು ಕಸಿದುಕೊಂಡ ದೈವವು ಕಿವಿಯನ್ನು ಚುರುಕುಗೊಳಿಸುವುದೆಂದು ನಮ್ಮ ಜನರು ನಂಬಿದ್ದಾರೆ. ಗದಗಿನಲ್ಲಿ ಅಂಧ ಬಾಲಕರಿಗೆ ಸಂಗೀತವನ್ನು ಕಲಿಸಿದ ಪಂಚಾಕ್ಷರಿ ಗವಾಯಿಗಳ (1892–1944) ಶಿಷ್ಯಪರಂಪರೆಯನ್ನು ನೆನೆಯುವಾಗಲೂ ನಾವು ಹೀಗೆಯೇ ಹೇಳಿಬಿಡುವುದುಂಟು. ಗುರುಶಿಷ್ಯರ ಶ್ರಮವು ಆ ಮಾತಿನಲ್ಲಿ ಮರೆಯಾಗುತ್ತದೆ. ಆದುದರಿಂದ ಈ ನಂಬಿಕೆಯನ್ನು ಪರೀಕ್ಷಿಸಿ ನೋಡೋಣ.

1749ರಲ್ಲಿ ಫ್ರಾನ್ಸಿನ ದಿದೆರೊ ಎಂಬ ತತ್ತ್ವಜ್ಞನು ಅಂಧರನ್ನು ಕುರಿತು ಒಂದು ಪತ್ರರೂಪದ ಪ್ರಬಂಧವನ್ನು ಪ್ರಕಟಿಸಿ, ಅದೇ ವರ್ಷ ಸೆರೆಮನೆಯನ್ನೂ ಕಂಡನು. ಅಂಧನು ಎದುರಿನ ವಸ್ತುವನ್ನು ಮುಖಕ್ಕೆ ತಾಕುವ ಗಾಳಿಯಿಂದ ಅರಿಯುವನೆಂದು ಅವನ ಅಭಿಪ್ರಾಯ. ಈ ಬಗೆಯ ಊಹೆಗೆ ಬಹುಕಾಲ ಮನ್ನಣೆಯಿತ್ತು.

1944ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಪ್ರಯೋಗಗಳು ಅದನ್ನು ಕೆಡವಿದವು. ಇಬ್ಬರು ಅಂಧರನ್ನೂ, ಕಣ್ಣಿಗೆ ಬಟ್ಟೆ ಕಟ್ಟಿದ ಇಬ್ಬರನ್ನೂ ಅಡ್ಡವಾಗಿ ನಿಲ್ಲಿಸಿದ ಹಲಗೆಯ ಕಡೆಗೆ ನಡೆಯಿಸಿದರು. ಮುಖವನ್ನು ದಪ್ಪ ಬಟ್ಟೆಯಿಂದ ಮುಚ್ಚಿದರೂ ಅವರು ಅಡ್ಡಿಯನ್ನು ಅರಿತು ನಿಂತರು. ಕಿವಿಗಳನ್ನು ಮುಚ್ಚಿದೊಡನೆ ನಾಲ್ವರೂ ಹೋಗಿ ಹಾಯ್ದರು. ಹೆಜ್ಜೆಯ ಸಪ್ಪಳದ ಮರುದನಿಯೇ ಅವರಿಗೆ ದಾರಿ ತೋರಿಸುತ್ತಿತ್ತು! ಇದಕ್ಕಿಂತ ಸ್ವಾರಸ್ಯವೆಂದರೆ, ಕಣ್ಣುಳ್ಳವರೂ ಅಭ್ಯಾಸದಿಂದ ಈ ವಿದ್ಯೆಯನ್ನು ಕಲಿತರು.

ಹಾಗಾದರೆ ಎಲ್ಲವೂ ಅಭ್ಯಾಸವೇ? ಅಷ್ಟು ಸುಲಭವಾಗಿ ನಾವು ತೀರ್ಮಾನಿಸಲಾರೆವು. ಅತಿ ಮೆಲ್ಲನೆಯ ಸದ್ದನ್ನು ಕೇಳುವುದರಲ್ಲಿ ಅಂಧರಿಗೆ ವಿಶೇಷವಾದ ಮೇಲ್ಮೆಯೇನೂ ಕಾಣದು. ಆದರೆ 2004ರಲ್ಲಿ ಪ್ರಕಟವಾದ ಮಾಂಟ್ರಿಯಲ್ ನಗರದ ಸಂಶೋಧನೆಯೊಂದರಲ್ಲಿ, ಸ್ವರವು ಏರಿತೇ ಇಳಿಯಿತೇ ಎಂಬುದನ್ನು ಗುರುತಿಸುವಾಗ, ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು ಕಣ್ಣುಳ್ಳವರನ್ನು ಮೀರಿಸಿದರು. ದೊಡ್ಡವರಾದ ಮೇಲೆ ಕಳೆದುಕೊಂಡವರು ಮೀರಿಸಲಿಲ್ಲ. ನೋಟಕ್ಕೆಂದು ಮೀಸಲಾದ ಮಿದುಳಿನ ಭಾಗವು ಎಳೆಯರಲ್ಲಿ ಶಬ್ದದ ಕೆಲಸಕ್ಕೆ ಒದಗುವುದೇ ಇದಕ್ಕೆ ಕಾರಣವೆಂದು ತೋರುತ್ತದೆ.